ಮಳೆ ಹಿಡಿಯುವ ಮೊದಲು ಮನೆಯಲ್ಲೇ ಮಾಡಿಕೊಳ್ಳಿ: ಗೋಣಿ, ಕಾಫಿ ಕಟ್ಟಿಗೆ, ಹಳೇ ಸೀರೆಯ ಕೆಲಸಗಳು

ಕೆಲವು ವರ್ಷದ ಹಿಂದೆ ಪುಷ್ಯ ಮಳೆ ಸುರಿಯುತ್ತಿದ್ದಾಗ ಒಂದು ದಿನ ಬೀರು ತೆರೆದು ನನ್ನ ಧಾರೆ ಸೀರೆ ಹೊರಗೆ ತೆಗೆದೆ. ಮಡಿಕೆಯ ಉದ್ದಕ್ಕೂ ಬಿಳಿ ಬೂಷ್ಟು. ಅಂಚಿನ ಹತ್ತಿರ ಹಸಿರು ಚುಕ್ಕೆ. ಬೀರು ಮಾಡಿಸಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಪ್ಲೈವುಡ್‌ನದು, ನುಣ್ಣನೆ ಬಾಗಿಲು, ಒಂದು ಸಂದೂ ಉಳಿಯದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಪಶ್ಚಿಮದ ಗೋಡೆಗೆ ಒತ್ತಿಸಿ ಇಟ್ಟಿದ್ದೆವು. ಮುಂಗಾರು ಗಾಳಿ ನೈಋತ್ಯದಿಂದ ಬೀಸುತ್ತದೆ, ಹಾಗಾಗಿ ನಮ್ಮ ಮೂಡಿಗೆರೆ ಕಡೆ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳೇ ಜಾಸ್ತಿ ನೆನೆಯುವುದು. ನೆನೆದ ಗೋಡೆಗೆ ಗಾಳಿ ಆಡದ ಪೆಟ್ಟಿಗೆ ಒತ್ತಿಸಿಟ್ಟರೆ ಬೂಷ್ಟು ಬರದೇ ಇರುತ್ತದಾ?

ಅತ್ತೆ ಅವತ್ತು ಬೈಯಲಿಲ್ಲ. "ನಮ್ಮ ಕಾಲದ ಪೆಟ್ಟಿಗೆಗೆ ಕಾಲು ಇರ್ತಿತ್ತು ಕಣೆ, ಗೋಡೆಗೆ ತಾಗಿಸ್ತಲೂ ಇರಲಿಲ್ಲ" ಅಂದರು, ಅಷ್ಟೇ.

ಆವತ್ತಿನಿಂದ ಮನೆಗೆ ಅಂತ ಏನೇ ಮಾಡಿದರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಒಳಗೆ, ಹಿಂದೆ ಗಾಳಿ ಆಡುತ್ತದಾ? ಚೆಂದದ ಮಾತು ಆಮೇಲೆ. ಮೊಬೈಲಿನಲ್ಲಿ ನೋಡುವ ಅಲಂಕಾರದ ವಿಡಿಯೋಗಳು ಚೆನ್ನಾಗಿಯೇ ಇರುತ್ತವೆ, ಆದರೆ ಅವನ್ನು ಮಾಡುವವರ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗದೇ ಇರುವ ಸಮಸ್ಯೆ ಇರುವುದಿಲ್ಲ. ನಮಗೆ ಇದೆ. ಚಿಕ್ಕಮಗಳೂರಿನ ಮೂಡಿಗೆರೆ, ಕೊಪ್ಪ, ಶೃಂಗೇರಿ ಆಗಲಿ, ಹಾಸನದ ಸಕಲೇಶಪುರ ಆಗಲಿ, ಮಲೆನಾಡಿನ ಮನೆಯಲ್ಲಿ ವಸ್ತು ಜೋಡಿಸುವುದು ಅಂದರೆ ಅರ್ಧ ಕೆಲಸ ತೇವದ ಜೊತೆಗೇ. ಕೆಳಗೆ ಬರೆದಿರುವುದೆಲ್ಲ ನಮ್ಮ ಮನೆಯಲ್ಲಿ ಮಾಡಿ, ಒಂದೆರಡು ಮಳೆಗಾಲ ದಾಟಿಸಿದ ಕೆಲಸಗಳು.

ಯಾವಾಗ ಶುರು ಮಾಡಬೇಕು

ಕಾಫಿ ಕೊಯ್ಲು ಮುಗಿದ ಮೇಲೆ. ಫೆಬ್ರವರಿ ಕೊನೆಯಿಂದ ಮೇ ತನಕ. ಕಣದಲ್ಲಿ ಕೆಲಸ ಮುಗಿದಿರುತ್ತದೆ, ಹರಿದ ಗೋಣಿಚೀಲಗಳು ಮೂಲೆ ಸೇರಿರುತ್ತವೆ, ತೋಟದಲ್ಲಿ ಕಸಿ ಮಾಡುವಾಗ (ಕಾಫಿ ಗಿಡದ ಬೇಡದ ರೆಂಬೆ ಸವರುವಾಗ) ಕಡಿದು ಹಾಕಿದ ರೆಂಬೆಗಳು ಬಿದ್ದಿರುತ್ತವೆ, ಬಿಸಿಲೂ ಚೆನ್ನಾಗಿರುತ್ತದೆ. ಮಕ್ಕಳಿಗೆ ಬೇಸಿಗೆ ರಜೆ ಬೇರೆ. ಗೋಣಿ, ಕಟ್ಟಿಗೆ, ಬಿದಿರು ಯಾವುದೇ ಆದರೂ ಪೂರ್ತಿ ಒಣಗಿದ ಮೇಲೆಯೇ ಮನೆಯೊಳಗೆ ಬರಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶುರು ಮಾಡಿದರೆ ಯಾವುದೂ ಒಣಗುವುದಿಲ್ಲ, ಬಣ್ಣ ಕೂಡ ಅಂಟಂಟಾಗಿಯೇ ಉಳಿಯುತ್ತದೆ. ಹಾಗಾಗಿ ಆರಿದ್ರಾ ಮಳೆ ಶುರುವಾಗುವ ಹೊತ್ತಿಗೆ ನಿಮ್ಮ ಕೆಲಸ ಮುಗಿದಿರಲಿ.

ಇನ್ನೊಂದು ಮಾತು. ಮೊದಲ ದಿನ ಏನನ್ನೂ ಹೊಲಿಯಬೇಡಿ, ಮೊಳೆ ಹೊಡೆಯಬೇಡಿ. ಒಂದು ಸಣ್ಣ ಪುಸ್ತಕ ಹಿಡಿದು ಮನೆ ಸುತ್ತಿ. ಎಲ್ಲಿ ಏನು ರಾಶಿ ಬೀಳುತ್ತದೆ ಅಂತ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಟಿವಿ ಮೇಲೆ ಕರೆಂಟ್ ಬಿಲ್, ಫ್ರಿಜ್ ಮೇಲೆ ಔಷಧಿ ಚೀಟಿ, ಜಗಲಿಯ ಕಂಬಕ್ಕೆ ಕೊಡೆ, ಕುರ್ಚಿ ಬೆನ್ನಿಗೆ ಎಲ್ಲರ ಸ್ವೆಟರ್. ರಾಶಿ ಬೀಳುವ ಜಾಗ ಅಂದರೆ ಜನ ಸಹಜವಾಗಿ ಕೈ ಚಾಚುವ ಜಾಗ. ವಸ್ತುವಿಗೆ ಮನೆ ಮಾಡಬೇಕಾದ್ದು ಅಲ್ಲೇ. ದೂರದಲ್ಲಿ ಎಷ್ಟು ಚೆಂದದ ಕಪಾಟು ಇಟ್ಟರೂ ಯಾರೂ ಅಲ್ಲಿಗೆ ಹೋಗಿ ಇಡುವುದಿಲ್ಲ.

ಗೋಣಿಚೀಲದ ಜೇಬು ಪರದೆ

ಬಿಲ್ಲು, ಕೀಲಿಕೈ, ಟಾರ್ಚ್, ಚಾರ್ಜರ್, ಔಷಧಿ ಚೀಟಿ, ಮಕ್ಕಳ ಶಾಲೆಯ ಡೈರಿ. ಇವೆಲ್ಲ ಒಂದೇ ಜಾಗದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇರಬೇಕಾದರೆ ಗೋಡೆಗೆ ತೂಗುಹಾಕುವ ಜೇಬಿನ ಪರದೆಯಷ್ಟು ಉಪಯೋಗದ್ದು ಬೇರೆ ಇಲ್ಲ.

ಬೇಕಾಗುವುದು: ಸೆಣಬಿನ ಗೋಣಿಚೀಲ 2, ಹಳೇ ಹತ್ತಿ ಪಂಚೆ ಅಥವಾ ಸೀರೆಯ ತುಂಡು, ದಬ್ಬಳ, ಗಟ್ಟಿ ದಾರ, ಫೆವಿಕಾಲ್, ಹೆಬ್ಬೆರಳು ದಪ್ಪದ ಬಿದಿರು ಕೋಲು 1, ಕೋಲು ಮತ್ತು ಪರದೆಯ ಹಿಂದೆ ಇಡಲು ನಾಲ್ಕು ಸಣ್ಣ ಮರದ ತುಂಡು.

ಚೀಲ ಆರಿಸುವಾಗ ಹುಷಾರಾಗಿರಿ. ಕಾಫಿ, ಭತ್ತ, ಅಕ್ಕಿ ತುಂಬಿದ್ದ ಗೋಣಿ ಆಗುತ್ತದೆ. ಗೊಬ್ಬರ ಅಥವಾ ತೋಟಕ್ಕೆ ಹೊಡೆಯುವ ಔಷಧಿ ಇಟ್ಟಿದ್ದ ಚೀಲ, ಎಷ್ಟು ತೊಳೆದರೂ, ಮನೆಯೊಳಗೆ ಬೇಡವೇ ಬೇಡ. ಮಕ್ಕಳು ಕೈ ಹಾಕುವ ವಸ್ತು ಇದು.

ಮೊದಲು ಚೀಲದ ಹೊಲಿಗೆ ಬಿಚ್ಚಿ, ಹೊರಗೆ ಜೋರಾಗಿ ಒದರಿ. ಹೊಸ ಗೋಣಿಗೆ ಒಂಥರಾ ಎಣ್ಣೆ ವಾಸನೆ ಇರುತ್ತದೆ, ಅದು ಸೆಣಬಿನ ನಾರು ಮೆತ್ತಗಾಗಲಿ ಅಂತ ಕಾರ್ಖಾನೆಯಲ್ಲಿ ಹಾಕುವ ಎಣ್ಣೆ. ಬಕೆಟ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ, ಕಾಲಿನಿಂದ ತುಳಿದು, ಎರಡು ಸಲ ನೀರು ಬದಲಿಸಿ. ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡಿ, ಉದುರುವ ನಾರು ಹೋಗಿ ಒಳಗೆ ಕಟ್ಟಿಕೊಳ್ಳುತ್ತದೆ. ಎರಡು ದಿನ ಗಟ್ಟಿ ಬಿಸಿಲಿನಲ್ಲಿ ಒಣಗಿಸಿ. ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ಅಳತೆ ತೆಗೆಯುವುದು ಒಗೆದ ಮೇಲೆ.

ಈಗ ಕತ್ತರಿಸುವುದು. ಹಿಂಬದಿಗೆ 2 ಅಡಿ ಅಗಲ, 3 ಅಡಿ ಉದ್ದದ ಒಂದು ತುಂಡು. ಜೇಬುಗಳಿಗೆ 2 ಅಡಿ ಅಗಲ, 9 ಇಂಚು ಎತ್ತರದ ಮೂರು ಪಟ್ಟಿ. ಗೋಣಿ ಕತ್ತರಿಸಿದ ಕೂಡಲೇ ಅಂಚು ಬಿಚ್ಚಿಕೊಳ್ಳಲು ಶುರು ಮಾಡುತ್ತದೆ. ಅದಕ್ಕೊಂದು ಉಪಾಯ ಇದೆ: ಎಲ್ಲಿ ಕತ್ತರಿಸಬೇಕೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಬೆರಳಗಲ ಫೆವಿಕಾಲ್ ಹಚ್ಚಿ, ಒಣಗಲು ಬಿಟ್ಟು, ಮರುದಿನ ಆ ಗೆರೆಯ ಮೇಲೆಯೇ ಕತ್ತರಿ ಹಾಕಿ. ಒಂದು ಎಳೆಯೂ ಬಿಚ್ಚುವುದಿಲ್ಲ.

ಹಿಂಬದಿ ತುಂಡಿಗೆ ಪಂಚೆಯ ಬಟ್ಟೆ ಒಳಪದರವಾಗಿ ಇಟ್ಟು ಸುತ್ತ ಹೊಲಿಯಿರಿ. ಪಟ್ಟಿಗಳ ಮೇಲಂಚನ್ನು ಒಂದು ಇಂಚು ಮಡಿಸಿ ಹೊಲಿದುಬಿಡಿ, ದಿನಾ ಕೈ ಹೋಗುವ ಜಾಗ ಅದು. ಆಮೇಲೆ ಕೆಳಗಿನ ಪಟ್ಟಿಯಿಂದ ಶುರು ಮಾಡಿ ಮೇಲಕ್ಕೆ ಒಂದೊಂದೇ ಪಟ್ಟಿ ಜೋಡಿಸಿ. ನಡುವೆ ಉದ್ದ ಹೊಲಿಗೆ ಹಾಕಿದರೆ ಜೇಬು ಬೇರೆ ಬೇರೆಯಾಗುತ್ತವೆ. ಎಲ್ಲ ಜೇಬೂ ಒಂದೇ ಅಳತೆ ಮಾಡಬೇಡಿ. ಟಾರ್ಚ್ ಇಡುವ ಜೇಬು ಕಿರಿದಾಗಿರಲಿ, ಡೈರಿಯದು ಅಗಲ ಇರಲಿ. ವಸ್ತುವನ್ನು ಇಟ್ಟು ನೋಡಿ, ಬೆರಳಗಲ ಸಡಿಲ ಬಿಟ್ಟು ಹೊಲಿಯಿರಿ. ಎರಡು ಪದರ ಗೋಣಿ ಸೇರುವಲ್ಲಿ ಮನೆಯ ಹೊಲಿಗೆ ಮಿಷನ್‌ನ ಸೂಜಿ ಮುರಿಯುವ ಸಾಧ್ಯತೆ ಜಾಸ್ತಿ. ಅಲ್ಲಿ ದಬ್ಬಳವೇ ಒಳ್ಳೆಯದು. ಕೆಂಪು ಅಥವಾ ಹಸಿರು ಉಣ್ಣೆ ದಾರದಲ್ಲಿ ಹೊಲಿದರೆ ಹೊಲಿಗೆಯೇ ಚಿತ್ತಾರ ಆಗುತ್ತದೆ.

ಕೊನೆಗೆ ಮೇಲ್ತುದಿ ಮಡಿಸಿ ಕೊಳವೆ ಮಾಡಿ ಬಿದಿರು ಕೋಲು ತೂರಿಸಿ. ಹಿಂದೆ ನಾಲ್ಕು ಮೂಲೆಗೂ ಒಂದು ಇಂಚು ದಪ್ಪದ ಮರದ ತುಂಡು ಅಂಟಿಸಿ. ಈ ತುಂಡು ಮರೆಯಬೇಡಿ. ಸೆಣಬು ತೇವ ಹೀರುವ ವಸ್ತು, ಗೋಡೆಗೆ ತಾಗಿದರೆ ಹಿಂದಿನಿಂದಲೇ ಕಪ್ಪಾಗುತ್ತದೆ. ಒಂದು ಇಂಚು ಸಂದು ಇದ್ದರೆ ಸಾಕು. ಹಳೇ ಮಣ್ಣಿನ ಗೋಡೆಯಾದರೆ ಮೊಳೆ ನಿಲ್ಲುವುದಿಲ್ಲ, ಬಾಗಿಲ ಚೌಕಟ್ಟಿನಿಂದ ಅಥವಾ ಮೇಲಿನ ತೊಲೆಯಿಂದ ಹುರಿ ಇಳಿಬಿಟ್ಟು ತೂಗುಹಾಕಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಇಳಿಸಿ ಒಂದು ತಾಸು ಜಗಲಿಯಲ್ಲಿ ಹರಡಿ.

ಕಾಫಿ ರೆಂಬೆಯ ಗೂಟ

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಕಾಫಿ ಕಟ್ಟಿಗೆ ಗಟ್ಟಿ, ಒತ್ತಾದ ನಾರು, ಸಿಪ್ಪೆ ಸುಲಿದು ಉಜ್ಜಿದರೆ ತಿಳಿ ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತದೆ. ನೆನೆದ ರೈನ್‌ಕೋಟ್ ತೂಗುಹಾಕಿದರೂ ಬಾಗುವುದಿಲ್ಲ.

ಆದರೆ ಕಟ್ಟಿಗೆ ಆರಿಸುವಾಗ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬರುತ್ತದೆ ಅಂತ ತೋಟ ಇರುವ ಎಲ್ಲರಿಗೂ ಗೊತ್ತು. ಅಂಥ ಗಿಡ ಕಿತ್ತು ಸುಡುವುದೇ ಕ್ರಮ. "ಕಾಂಡ ಚೆನ್ನಾಗಿದೆ, ಗೂಟ ಮಾಡೋಣ" ಅಂತ ಅದನ್ನು ಮನೆಗೆ ತರಬೇಡಿ. ಒಳಗಿರುವ ಹುಳು ದುಂಬಿಯಾಗಿ ಹೊರಗೆ ಬಂದರೆ ನೇರ ತೋಟಕ್ಕೇ ಹೋಗುತ್ತದೆ. ಕಾಂಡದ ಮೇಲೆ ಉಬ್ಬು ಗೆರೆ, ಸಿಪ್ಪೆ ಸುಲಿದಾಗ ಒಳಗೆ ಪುಡಿ ತುಂಬಿದ ಸುರಂಗ ಕಂಡರೆ ಒಲೆಗೆ ಹಾಕಿ. ರೊಬಸ್ಟಾ ರೆಂಬೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಇದ್ದರೆ ಅದೂ ಬೇಡ. ಕಸಿ ಮಾಡಿದಾಗ ಬಿದ್ದ ಆರೋಗ್ಯದ ರೆಂಬೆಯನ್ನೇ ತೆಗೆದುಕೊಳ್ಳಿ.

ಕವಲು ಇರುವ ರೆಂಬೆ ಬೇಕು. ದಪ್ಪ ಭಾಗ 4 ಇಂಚು ಉದ್ದ, ಅದರಿಂದ ಮೇಲಕ್ಕೆ ಓರೆಯಾಗಿ ಹೊರಟ ಕವಲು 3 ಇಂಚು. ಹಸಿ ಇದ್ದಾಗಲೇ ಸಿಪ್ಪೆ ಸುಲಿಯಿರಿ, ಒಣಗಿದ ಮೇಲೆ ಏಳುವುದಿಲ್ಲ. ಕತ್ತರಿಸಿದ ತುದಿಗಳಿಗೆ ಸ್ವಲ್ಪ ಬಣ್ಣವನ್ನೋ ಮೇಣವನ್ನೋ ಹಚ್ಚಿ ನೆರಳಿನಲ್ಲಿ ಮೂರು ನಾಲ್ಕು ವಾರ ಒಣಗಿಸಿ. ನೇರ ಬಿಸಿಲಿಗೆ ಇಟ್ಟರೆ ಸೀಳು ಬರುತ್ತದೆ. ಆತುರ ಮಾಡಬೇಡಿ.

ಒಣಗಿದ ಮೇಲೆ ದಪ್ಪ ಭಾಗದ ಬೆನ್ನನ್ನು ಕತ್ತಿಯಲ್ಲಿ ಚಪ್ಪಟೆ ಮಾಡಿಕೊಳ್ಳಿ. 3 ಅಡಿ ಉದ್ದ, 4 ಇಂಚು ಅಗಲ, ಒಂದು ಇಂಚು ದಪ್ಪದ ಹಲಗೆ ತೆಗೆದುಕೊಳ್ಳಿ. ಸಿಲ್ವರ್ ಓಕ್ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಗೂಟ ಬರುವ ಜಾಗ ಗುರುತು ಮಾಡಿ. ಕೀಲಿ, ಟೋಪಿಗೆ 5 ಇಂಚು ಅಂತರ ಸಾಕು, ರೈನ್‌ಕೋಟ್‌ಗೆ 9 ಇಂಚು ಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಯಾವುದೂ ಒಣಗುವುದಿಲ್ಲ. ಹಲಗೆಯ ಹಿಂಬದಿಯಿಂದ ಪ್ರತಿ ಗೂಟಕ್ಕೂ ಎರಡು ಸ್ಕ್ರೂ ಹಾಕಿ. ಮೊದಲು ಸಣ್ಣ ಬಿಟ್‌ನಲ್ಲಿ ತೂತು ಕೊರೆದೇ ಸ್ಕ್ರೂ ತಿರುಗಿಸಬೇಕು, ಸುಮ್ನೆ ತಿರುಗಿಸಿದರೆ ಗೂಟ ಸೀಳಿಹೋಗುತ್ತದೆ. ಸ್ಯಾಂಡ್ ಪೇಪರ್‌ನಲ್ಲಿ ಚೆನ್ನಾಗಿ ಉಜ್ಜಿ, ಎರಡು ಕೈ ವಾರ್ನಿಶ್ ಹೊಡೆಯಿರಿ. ಹಲಗೆಯ ಹಿಂದೆ ಎರಡು ರೀಪಿನ ತುಂಡು ಕೊಟ್ಟು ಗೋಡೆಗೆ ಕೂರಿಸಿ. ಇಟ್ಟಿಗೆ ಗೋಡೆಯಾದರೆ ತೂತಿಗೆ ಪ್ಲಗ್ ಹಾಕಿ.

ದೊಡ್ಡವರಿಗೆ ಐದು ಅಡಿ ಎತ್ತರದಲ್ಲಿ ಒಂದು ಸಾಲು. ಮಕ್ಕಳಿಗೆ ಮೂರು ಅಡಿಯಲ್ಲಿ ಇನ್ನೊಂದು. ಆ ಎರಡನೇ ಸಾಲು ಹಾಕಿದ ದಿನದಿಂದ ನಮ್ಮ ಮನೆಯಲ್ಲಿ ಶಾಲೆ ಬ್ಯಾಗ್ ನೆಲದ ಮೇಲೆ ಬೀಳುವುದು ನಿಂತಿತು. ಚಿಕ್ಕವಳಿಗೆ ತನ್ನ ಗೂಟ ಯಾವುದು ಅಂತ ಗೊತ್ತು, ಅವಳೇ ಅದಕ್ಕೆ ಹಳದಿ ಬಣ್ಣ ಬಳಿದಿದ್ದಾಳೆ. ಗೂಟದ ಕೆಳಗೆ ನೀರು ತೊಟ್ಟಿಕ್ಕಲು ಒಂದು ಹಳೇ ಅಗಲದ ಪಾತ್ರೆ ಇಡಿ, ದಿನಾ ಸಂಜೆ ಚೆಲ್ಲಿಬಿಡಿ. ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತದೆ.

ಹಳೇ ಸೀರೆಯ ಜಡೆ ಕಾಲೊರಸು

ಇದು ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ಮಾಡುವ ಕೆಲಸ. ಜಡೆ ಹೆಣೆಯಲು ಬಂದರೆ ಸಾಕು.

ಹತ್ತಿ ಸೀರೆಯೇ ಬೇಕು. ನೈಲಾನ್, ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಜಾರುತ್ತದೆ ಬೇರೆ. ಸೀರೆಯನ್ನು ಉದ್ದಕ್ಕೆ 2 ಇಂಚು ಅಗಲದ ಪಟ್ಟಿಗಳಾಗಿ ಹರಿಯಿರಿ. ತುದಿಯಲ್ಲಿ ಸಣ್ಣ ಕತ್ತರಿ ಕೊಟ್ಟು ಎಳೆದರೆ ನೇರವಾಗಿ ಹರಿಯುತ್ತದೆ, ಮಕ್ಕಳಿಗೆ ಆ ಸದ್ದೇ ಖುಷಿ. ಮೂರು ಪಟ್ಟಿ ಸೇರಿಸಿ ಗಂಟು ಹಾಕಿ, ಕಿಟಕಿ ಸರಳಿಗೆ ಕಟ್ಟಿ ಹೆಣೆಯಲು ಶುರು ಮಾಡಿ. ಒಂದು ಪಟ್ಟಿ ಮುಗಿಯುತ್ತಾ ಬಂದಾಗ ಮುಂದಿನದನ್ನು ಸೂಜಿಯಲ್ಲಿ ಹೊಲಿದು ಸೇರಿಸಿ. ಗಂಟು ಹಾಕಿದರೆ ಕಾಲಿಗೆ ಒತ್ತುತ್ತದೆ. ಮೂರೂ ಪಟ್ಟಿ ಒಂದೇ ಕಡೆ ಮುಗಿಯದ ಹಾಗೆ ಮೊದಲೇ ಉದ್ದ ಹಿಂದೆ ಮುಂದೆ ಮಾಡಿಕೊಳ್ಳಿ.

ಜಡೆ ಸಾಕಷ್ಟು ಆದ ಮೇಲೆ ನೆಲದ ಮೇಲೆ ಚಕ್ಕುಲಿ ಸುತ್ತಿದ ಹಾಗೆ ಸುತ್ತುತ್ತಾ, ಪಕ್ಕದ ಸುತ್ತಿಗೆ ಸೇರಿಸಿ ಹೊಲಿಯುತ್ತಾ ಹೋಗಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ತೊಡೆಯ ಮೇಲೆ ಇಟ್ಟುಕೊಂಡು, ದಾರ ಬಿಗಿದು ಹೊಲಿಯುತ್ತಾರೆ. ಹಾಗೆ ಮಾಡಿದರೆ ಅಂಚು ಮೇಲಕ್ಕೆದ್ದು ಬುಟ್ಟಿ ಥರ ಆಗಿಬಿಡುತ್ತದೆ. ಯಾವಾಗಲೂ ನೆಲದ ಮೇಲೆ ಚಪ್ಪಟೆಯಾಗಿ ಇಟ್ಟೇ ಹೊಲಿಯಿರಿ, ಜಡೆಯನ್ನು ಎಳೆಯಬೇಡಿ, ತಿರುವಿನಲ್ಲಿ ಸ್ವಲ್ಪ ಸಡಿಲ ಬಿಡಿ. ಒಂದು ಸೀರೆಗೆ ಎರಡರಿಂದ ಎರಡೂವರೆ ಅಡಿ ಅಗಲದ ಒಂದು ಕಾಲೊರಸು ಬರುತ್ತದೆ. ತಿಳಿ ಬಣ್ಣದ ಒಂದು, ಗಾಢ ಬಣ್ಣದ ಒಂದು ಸೀರೆ ಬೆರೆಸಿದರೆ ಬಹಳ ಚೆನ್ನಾಗಿ ಕಾಣುತ್ತದೆ.

ರೆಡ್ ಆಕ್ಸೈಡ್ ನೆಲ ಇರುವ ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯದೆ ಮಾಡಿ: ಹಳೇ ಸೈಕಲ್ ಟ್ಯೂಬ್ ಸೀಳಿ, ಅದರ ಪಟ್ಟಿಗಳನ್ನು ಕಾಲೊರಸಿನ ಅಡಿಗೆ ನಾಲ್ಕೈದು ಕಡೆ ಹೊಲಿಯಿರಿ. ನಮ್ಮ ಮಾವ ಒಮ್ಮೆ ಬಚ್ಚಲ ಬಾಗಿಲಲ್ಲಿ ಜಾರಿದ್ದರು. ಟ್ಯೂಬ್ ಹಾಕಿದ ಮೇಲೆ ಅದು ಅಲುಗುವುದಿಲ್ಲ. ಎರಡು ಕಾಲೊರಸು ಮಾಡಿದರೆ ಒಂದು ಒಣಗುವಾಗ ಇನ್ನೊಂದು ಬಳಸಬಹುದು.

ಫೋಟೋ, ಡಬ್ಬಿ, ಅಟ್ಟ

ಹಿರಿಯರ ಫೋಟೋಗಳಿಗೆ ಒಳಗಿನಿಂದ ಕಲೆ ಬರುತ್ತದೆ ಅಲ್ವಾ? ಅದಕ್ಕೆ ಹತ್ತು ನಿಮಿಷದ ಕೆಲಸ ಸಾಕು. ಬಾಟಲಿಯ ಬಿರಡೆಯನ್ನು ಅರ್ಧ ಇಂಚು ದಪ್ಪಕ್ಕೆ ಬಿಲ್ಲೆಯಾಗಿ ಕತ್ತರಿಸಿ, ಫ್ರೇಮ್‌ನ ಹಿಂದೆ ಕೆಳಗಿನ ಎರಡು ಮೂಲೆಗೆ ಅಂಟಿಸಿ. ಫ್ರೇಮ್ ಗೋಡೆಯಿಂದ ಸ್ವಲ್ಪ ದೂರ ನಿಂತು ಹಿಂದೆ ಗಾಳಿ ಓಡುತ್ತದೆ. ಆಗಲೇ ಕಲೆ ಬಿದ್ದಿರುವ ಹಳೇ ಫೋಟೋ ಇದ್ದರೆ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಪದರವೇ ಕಿತ್ತು ಬರುತ್ತದೆ.

ಅಡುಗೆಮನೆಯ ಡಬ್ಬಿಗಳಿಗೆ ಕಾಗದದ ಚೀಟಿ ಅಂಟಿಸಿದರೆ ಹಬೆಗೆ ಒಂದೇ ತಿಂಗಳಲ್ಲಿ ಉದುರುತ್ತದೆ. ಬಿಳಿ ಹತ್ತಿ ಬಟ್ಟೆಯ ಸಣ್ಣ ತುಂಡಿನ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಹೆಸರು ಬರೆದು ಸಣ್ಣ ಹುರಿಯಲ್ಲಿ ಡಬ್ಬಿಯ ಕುತ್ತಿಗೆಗೆ ಕಟ್ಟಿ. ಡಬ್ಬಿ ತೊಳೆಯುವಾಗ ಬಿಚ್ಚಬಹುದು, ಉದ್ದಿನಬೇಳೆ ಮುಗಿದು ಅದರಲ್ಲಿ ಹೆಸರುಕಾಳು ತುಂಬಿದರೆ ಚೀಟಿ ಬದಲಾಯಿಸಬಹುದು.

ಅಟ್ಟಕ್ಕೆ ಏರಿಸುವ ಪೆಟ್ಟಿಗೆಗಳಿಗೆ 1, 2, 3 ಅಂತ ದೊಡ್ಡದಾಗಿ ನಂಬರ್ ಬರೆಯಿರಿ. ಯಾವುದರಲ್ಲಿ ಏನಿದೆ ಅಂತ ಒಂದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಅಟ್ಟದ ಏಣಿಯ ಹತ್ತಿರವೇ ತೂಗುಹಾಕಿ. ರಟ್ಟಿನ ಪೆಟ್ಟಿಗೆ ಬೇಡ, ಗೆದ್ದಲಿಗೆ ಅದೇ ಊಟ.

ಗೋಡೆಗೆ ಬೇಲೂರಿನ ಚಿತ್ತಾರ

ಚಿಕ್ಕಮಗಳೂರಿನಿಂದ ಬೇಲೂರು ಹೆಚ್ಚು ಕಡಿಮೆ 25 ಕಿಲೋಮೀಟರ್. ಎಷ್ಟೋ ಸಲ ಹೋಗಿರುತ್ತೇವೆ, ಮದನಿಕೆಯರನ್ನು ನೋಡಿ ಬರುತ್ತೇವೆ. ಮುಂದಿನ ಸಲ ಹೋದಾಗ ಗೋಡೆಯ ಜಾಲಂಧ್ರಗಳ, ಅಂದರೆ ತೂತು ಕೊರೆದ ಕಲ್ಲಿನ ಜಾಲರಿಗಳ, ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ ಅದು, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಕಲ್ಲಿನ ಜಾಲರಿಗಳಲ್ಲಿ ಕೆಲವದರ ಮೇಲೆ ಪುರಾಣದ ಕಥೆ ಇದೆ, ಉಳಿದವುಗಳಲ್ಲಿ ಬರೀ ನಕ್ಷತ್ರ, ಚೌಕ, ಬಳ್ಳಿ. ಒಳಗೆ ಬೆಳಕೂ ಬರಬೇಕು, ಗಾಳಿಯೂ ಬರಬೇಕು, ನೋಡಲೂ ಚೆಂದ ಇರಬೇಕು. ಮೂರನ್ನೂ ಒಂದೇ ಕಲ್ಲಿನಲ್ಲಿ ಮಾಡಿದ್ದಾರೆ. ನನಗೆ ಬೀರುವಿನ ಉಪಾಯ ಹೊಳೆದದ್ದೂ ಅಲ್ಲೇ ನಿಂತಾಗ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಗೋಡೆ.

ಸುಲಭದ ನಕ್ಷತ್ರ ಇದು: ಒಂದು ಚೌಕ ಬರೆಯಿರಿ. ಅದೇ ಅಳತೆಯ ಇನ್ನೊಂದು ಚೌಕವನ್ನು, ನಡುಬಿಂದು ಒಂದೇ ಇರುವ ಹಾಗೆ, 45 ಡಿಗ್ರಿ ತಿರುಗಿಸಿ ಅದರ ಮೇಲೆ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬಂತು. ಇದನ್ನು ಹಳೇ ಎಕ್ಸ್‌ರೇ ಫಿಲಂ ಮೇಲೆ ಗುರುತು ಮಾಡಿ ಹರಿತವಾದ ಬ್ಲೇಡಿನಲ್ಲಿ ಕತ್ತರಿಸಿದರೆ ಅಚ್ಚು ಸಿದ್ಧ. ಕತ್ತರಿಸುವ ಕೆಲಸ ದೊಡ್ಡವರೇ ಮಾಡಲಿ.

ಬಣ್ಣ ಹಚ್ಚುವ ಮೊದಲು ಗೋಡೆ ಒಣಗಿದೆಯಾ ನೋಡಬೇಕು. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಗೋಡೆಯ ಕಡೆಗಿನ ಬದಿಯಲ್ಲಿ ನೀರಿನ ಹನಿ ಇದ್ದರೆ ಗೋಡೆ ಒಳಗಿನಿಂದ ಹಸಿ ಇದೆ ಅಂತ. ಅಲ್ಲಿ ಯಾವ ಬಣ್ಣ ಹಚ್ಚಿದರೂ ಎದ್ದು ಬರುತ್ತದೆ, ಬೇರೆ ಗೋಡೆ ಆರಿಸಿ. ಒಣ ಗೋಡೆ ಸಿಕ್ಕರೆ ಅಚ್ಚನ್ನು ಟೇಪ್‌ನಿಂದ ನಿಲ್ಲಿಸಿ, ಸ್ಪಂಜಿನ ತುಂಡಿಗೆ ಬಣ್ಣ ಅದ್ದಿ, ಹಳೇ ಪೇಪರ್ ಮೇಲೆ ಎರಡು ಸಲ ಒತ್ತಿ ಹೆಚ್ಚಿನ ಬಣ್ಣ ತೆಗೆದು, ಆಮೇಲೆ ಗೋಡೆಗೆ ಮೆಲ್ಲಗೆ ಒತ್ತಿ. ಬ್ರಷ್ ಬೇಡ, ಅಚ್ಚಿನ ಅಡಿಗೆ ಬಣ್ಣ ಹರಿಯುತ್ತದೆ. ಬಾಗಿಲ ಸುತ್ತ ಒಂದು ಸಾಲು ಸಾಕು. ಗೋಡೆ ತುಂಬಾ ಹಾಕಿದರೆ ಕಣ್ಣಿಗೆ ಸುಸ್ತು.

ಬೀರುವಿಗೆ ಜಾಲಿ ಬಾಗಿಲು

ಈಗ ಆ ಬೀರು. ಎಸೆಯಲಿಲ್ಲ. ಬಾಗಿಲನ್ನೇ ಬದಲಾಯಿಸಿದೆವು.

ಬಾಗಿಲುಗಳನ್ನು ಬಿಚ್ಚಿ ಎಡ, ಬಲ ಅಂತ ಹಿಂದೆ ಗುರುತು ಮಾಡಿ. ಸುತ್ತ 3 ಇಂಚು ಚೌಕಟ್ಟು ಬಿಟ್ಟು ನಡುವಿನ ಭಾಗ ಗೆರೆ ಹಾಕಿ. ನಾಲ್ಕು ಮೂಲೆಗೆ ತೂತು ಕೊರೆದು ಜಿಗ್‌ಸಾ ಯಂತ್ರದಲ್ಲಿ ಕತ್ತರಿಸಬೇಕು. ಯಂತ್ರ ಬಳಸಿ ಅಭ್ಯಾಸ ಇಲ್ಲದಿದ್ದರೆ ಬಡಗಿಯ ಹತ್ತಿರ ತೆಗೆದುಕೊಂಡು ಹೋಗಿ ಇದೊಂದನ್ನು ಮಾಡಿಸಿಕೊಂಡು ಬನ್ನಿ. ಕತ್ತರಿಸಿದ ಅಂಚನ್ನು ಹಾಗೇ ಬಿಡಬೇಡಿ, ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ಉಜ್ಜಿ, ಎರಡು ಕೈ ವಾರ್ನಿಶ್ ಕೊಡಿ.

ಒಳಬದಿಗೆ ಸ್ಟೀಲ್ ಅಥವಾ ಅಲ್ಯೂಮಿನಿಯಂ ಸೊಳ್ಳೆಬಲೆ ಹಾಕಿ ಮೇಲೆ ತೆಳು ರೀಪು ಇಟ್ಟು ಮೊಳೆ ಹೊಡೆಯಿರಿ. ಕಬ್ಬಿಣದ ಬಲೆ ಬೇಡ, ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಹೊರಬದಿಗೆ ಅರ್ಧ ಇಂಚು ಅಗಲದ ಬಿದಿರು ಪಟ್ಟಿಗಳನ್ನು ಓರೆಯಾಗಿ, ಒಂದರ ಮೇಲೊಂದು ಹಾಯುವ ಹಾಗೆ ಕೂರಿಸಿ. ಎರಡು ಇಂಚು ಅಂತರ ಬಿಟ್ಟರೆ ವಜ್ರಾಕಾರದ ಕಿಂಡಿಗಳು ಬರುತ್ತವೆ. ಬಿದಿರಿಗೆ ಕುಟ್ಟೆ ಹಿಡಿಯುವುದು ಒಳಗಿನ ಪಿಷ್ಟ ತಿನ್ನಲು, ಅದಕ್ಕೇ ಹಿರಿಯರು ಬಿದಿರನ್ನು ಹಳ್ಳದ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಮೂರು ನಾಲ್ಕು ವಾರ ಹರಿಯುವ ನೀರಿನಲ್ಲಿಟ್ಟರೆ ಪಿಷ್ಟ ಎಷ್ಟೋ ಕಳೆದುಹೋಗುತ್ತದೆ. ಆಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ ಸೀಳಿಕೊಳ್ಳಿ. ಸೀಳಿದ ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ, ಉಜ್ಜಿದ ಮೇಲೆಯೇ ಮಕ್ಕಳ ಕೈಗೆ ಕೊಡಿ.

ಬೀರುವನ್ನು ಒಳಗಿನ ಒಣ ಗೋಡೆಯ ಕಡೆ ಸರಿಸಿ, ಗೋಡೆಯಿಂದ ಎರಡು ಇಂಚು ದೂರ, ಮೂರು ಇಂಚು ಎತ್ತರದ ಮರದ ತುಂಡುಗಳ ಮೇಲೆ ನಿಲ್ಲಿಸಿ. ಒಳಗೆ ಬಟ್ಟೆ ತುರುಕಬೇಡಿ, ಪ್ರತಿ ಸಾಲಿನ ಮೇಲೂ ಒಂದು ಕೈ ಹೋಗುವಷ್ಟು ಜಾಗ ಇರಲಿ. ಜಾಲಿಯ ಹಿಂದೆ ಧೂಳು ಬರುತ್ತದೆ ಅಂತ ಪರದೆ ಕಟ್ಟುವವರಿದ್ದಾರೆ. ಕಟ್ಟಲೇಬೇಕಾದರೆ ತೆಳು ಮಲ್ ಬಟ್ಟೆ ಕಟ್ಟಿ, ದಪ್ಪದ್ದು ಕಟ್ಟಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಹಳೇ ರವಿಕೆ ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿದು ಲಾವಂಚದ ಬೇರು, ನಾಲ್ಕು ಲವಂಗ ತುಂಬಿ ಸಾಲಿಗೊಂದರಂತೆ ಇಡಿ. ಇದು ಘಮಕ್ಕೆ, ತೇವ ಹೀರುವುದಕ್ಕಲ್ಲ. ತೇವಕ್ಕೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಗುತ್ತದೆ, ನೀಲಿಯದು ತೇವ ಹೀರಿ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಚಿಕ್ಕ ಮಕ್ಕಳ ಕೈಗೆ ಎಟುಕದ ಮೇಲಿನ ಸಾಲಿನಲ್ಲಿ ಮಾತ್ರ ಇಡಿ. ಕಾಫಿ ಚರಟ ಬಟ್ಟಲಿನಲ್ಲಿಟ್ಟರೆ ವಾಸನೆ ಹೋಗುತ್ತದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ, ನಮ್ಮ ಮಳೆಗಾಲದಲ್ಲಿ ಅದಕ್ಕೇ ಮೊದಲು ಬೂಷ್ಟು ಬರುತ್ತದೆ. ಇದ್ದಿಲ ತುಂಡು ವಾಸಿ.

ಧಾರೆ ಸೀರೆ ಉಳಿಯಿತು. ಮನೆಯ ಹೊರಗೆ, ನೆರಳಿನಲ್ಲಿ ಹರಡಿ, ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್‌ನಲ್ಲಿ ಬೂಷ್ಟು ಒರೆಸಿ, ಡ್ರೈಕ್ಲೀನ್ ಮಾಡಿಸಿದೆವು. ಹಸಿರು ಚುಕ್ಕೆಯಲ್ಲಿ ಎರಡು ಮಾತ್ರ ಮಸುಕಾಗಿ ಉಳಿದಿವೆ. ಈಗ ಅದು ಪ್ಲಾಸ್ಟಿಕ್ ಕವರಿನಲ್ಲಿ ಇಲ್ಲ. ಮಾವನ ಹಳೇ ಪಂಚೆಯಲ್ಲಿ ಸುತ್ತಿ ಜಾಲಿ ಬೀರುವಿನ ನಡುವಿನ ಸಾಲಿನಲ್ಲಿ ಇಟ್ಟಿದ್ದೇನೆ. ದೀಪಾವಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ ತೆಗೆದು, ಗಾಳಿಗೆ ಹರಡಿ, ಮಡಿಕೆ ಬದಲಾಯಿಸಿ ಮಡಿಸುತ್ತೇನೆ. ಒಂದೇ ಗೆರೆಯಲ್ಲಿ ಮಡಿಸುತ್ತಾ ಹೋದರೆ ಜರಿ ಅಲ್ಲೇ ಮುರಿಯುತ್ತದೆ.